ಸೋಸಿದ ಬಾಟಲಿ

ತಂಗಿಯ ಕಾಲಿಗೆ ಹುಟ್ಟುವಾಗಲೇ ಚಕ್ರ ಕಟ್ಟಿದ್ದರು ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಅವಳು ಹೋದಲ್ಲೆಲ್ಲ ಅರ್ಧ ಕುಡಿದ ಚಹಾದ ಲೋಟಗಳು ಸಿಗುತ್ತಿದ್ದವು. ಕಿಟಕಿಯ ಕಟ್ಟೆಯ ಮೇಲೆ, ಟಿವಿಯ ಪಕ್ಕ, ಒಮ್ಮೆಯಂತೂ ಬಟ್ಟೆಯ ಬೀರುವಿನೊಳಗೆ. ಇಂಥವಳಿಗೆ ಸಿಕ್ಕ ಕೆಲಸವಾದರೂ ಎಂಥದ್ದು ಅಂತೀರಿ? ಕಾರ್ಖಾನೆಗಳಿಗೆ ಪಂಪು ಆರಿಸಿಕೊಡುವುದು. ಅದೂ ನೀರಿನ ಪಂಪಲ್ಲ. ನೀರು ಪಾಪದ್ದು, ಯಾವ ಪಂಪು ಹಾಕಿದರೂ ಹೋಗುತ್ತದೆ. ಮರಳು ಬೆರೆತ ಕೆಸರು, ಗೋಂದು, ಡಾಂಬರು, ಗಟ್ಟಿ ಬಣ್ಣ, ಹೀಗೆ ಕಬ್ಬಿಣವನ್ನೇ ಸವೆಸುವಂಥದ್ದು, ಇಲ್ಲವೇ ಕೊಳವೆಯಲ್ಲಿ ಮುಂದಕ್ಕೆ ಹೋಗೆಂದರೂ ಹೋಗದಂಥದ್ದು, ಇವಕ್ಕೆ ಯಾವ ಪಂಪು ಸರಿ ಎಂದು ಹೇಳುವುದು ಅವಳ ಕೆಲಸ. ಅದರಲ್ಲಿ ಅವಳು ಗಟ್ಟಿಗಿತ್ತಿಯೇ, ಎರಡು ಮಾತಿಲ್ಲ.

ಆ ದಿನ ವಾರದ ರಜೆ. ತಂಗಿ ಬೆಳಿಗ್ಗೆಯೇ ಅಕ್ಕನ ಮನೆಗೆ ಬಂದು, ಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬಾಗಿಲಿಗೆ ತಿರುಗುತ್ತಿದ್ದಳು. ಕಾರಣವಿತ್ತು. ಮರುದಿನ ಬೆಳಿಗ್ಗೆ ಅಕ್ಕ ದುಡಿಯುವ ಕಾರ್ಖಾನೆಯಲ್ಲಿ ತಂಗಿ ಆರಿಸಿದ ಪಂಪು ಮೊದಲ ಸಲ ಶುರುವಾಗುವುದಿತ್ತು.

"ಕೂತ್ಕೋ ತಾಯಿ," ಎಂದರು ಭಾವ. ಅವರು ಹಳೆಯ ಛತ್ರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಮುರಿದ ಕಡ್ಡಿಗೆ ತಂತಿ ಸುತ್ತುತ್ತಿದ್ದರು. "ನೀನು ಹೀಗೆ ಓಡಾಡಿದ್ರೆ ನೆಲ ಸವೆದುಹೋಗತ್ತೆ."

"ನಾಳೆ ಒಂದು ಮುಗೀಲಿ ಭಾವ. ಆಮೇಲೆ ವಾರವಿಡೀ ಕೂತೇ ಇರ್ತೀನಿ."

"ನೀನಾ? ಬಸ್ಸಲ್ಲಿ ಸೀಟು ಖಾಲಿ ಇದ್ರೂ ನಿಂತ್ಕೊಂಡು ಬರೋಳು."

ತಂಗಿ ನಗದೆ ಮತ್ತೆ ಹಿತ್ತಿಲಿನ ಕಡೆ ಹೊರಟಳು.

ಅಕ್ಕನ ಕಾರ್ಖಾನೆಯಲ್ಲಿ ಕೈತೊಳೆಯುವ ಬೇಸಿನ್ನು, ಕಮೋಡು ಮಾಡುತ್ತಾರೆ. ಅಲ್ಲಿ ಮಣ್ಣಿನ ವಿಭಾಗ ಪೂರ್ತಿ ಅಕ್ಕನ ಕೈಯಲ್ಲಿದೆ. ಜೇಡಿಮಣ್ಣಿಗೆ ಬೆಣಚುಕಲ್ಲಿನ ಪುಡಿ, ನೀರು ಸೇರಿಸಿ ನೆಲದೊಳಗಿನ ದೊಡ್ಡ ತೊಟ್ಟಿಯಲ್ಲಿ ಕದಡುತ್ತಾರೆ. ಅದಕ್ಕೆ ಅಲ್ಲಿಯವರು ಸ್ಲಿಪ್ಪು ಅನ್ನುತ್ತಾರೆ. ಸುಡುವ ಮೊದಲೇ ಮುರಿದ ಬೇಸಿನ್ನಿನ ಚೂರುಗಳನ್ನೂ ಅದೇ ತೊಟ್ಟಿಗೆ ವಾಪಸು ಹಾಕುತ್ತಾರೆ, ಅವುಗಳ ಜೊತೆ ಪ್ಲಾಸ್ಟರಿನ ಅಚ್ಚಿನಿಂದ ಎದ್ದ ಚಕ್ಕೆಗಳೂ ಬರುತ್ತವೆ. ಇಷ್ಟನ್ನೂ ಎತ್ತಿ ಅಟ್ಟದ ಮೇಲಿನ ಜರಡಿಗೆ ಸುರಿಯಬೇಕು. ಎತ್ತುವುದಕ್ಕೆ ಒಂದೇ ಪಂಪು.

ಆ ಪಂಪಿನ ಜಾಗಕ್ಕೆ ಅದೇನು ಶಾಪವೋ, ಬಂದ ಪಂಪು ಬಾಳುತ್ತಿರಲಿಲ್ಲ. ಮೊದಲಿನದರ ಒಳಗಿನ ಚಕ್ರ ಹುಳು ತಿಂದ ಎಲೆಯಂತೆ ಆಯಿತು. ಎರಡನೆಯದರೊಳಗೆ ಉದ್ದ ತಿರುಪು, ಅದರ ಸುತ್ತ ರಬ್ಬರಿನ ಕವಚ. ಆ ರಬ್ಬರು ಸೀಳಿ ಚಿಂದಿಯಾಯಿತು. ಪಂಪು ನಿಂತಾಗಲೆಲ್ಲ ಅಚ್ಚುಗಳು ಖಾಲಿ, ಭಟ್ಟಿ ಖಾಲಿ. ಯಜಮಾನರು ಒಂದು ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಇನ್ನೊಂದು ಪಂಪು ಕೆಟ್ಟರೆ ಮಣ್ಣಿನ ವಿಭಾಗಕ್ಕೆ ಬೀಗ, ತಯಾರಾದ ಸ್ಲಿಪ್ಪು ಟ್ಯಾಂಕರಿನಲ್ಲಿ ಹೊರಗಿನಿಂದ ಬರುತ್ತದೆ, ವಿಭಾಗದವರೆಲ್ಲ ಬೇರೆ ಕೆಲಸ ನೋಡಿಕೊಳ್ಳಬಹುದು. ಆಗ ಅಕ್ಕ ಮುಂದೆ ಬಂದು, "ಸಾರ್, ಈ ಸಲ ನನ್ನ ತಂಗಿ ಆರಿಸ್ತಾಳೆ," ಎಂದಳು. ಅಷ್ಟು ಜನರ ಅನ್ನವನ್ನು ತಂಗಿಯ ತಲೆಯ ಮೇಲಿಟ್ಟು ನಿಶ್ಚಿಂತೆಯಿಂದ ಮನೆಗೆ ಬಂದು ನಿದ್ದೆ ಮಾಡಿದಳು.

ಅಕ್ಕ ಹುಡುಗಿಯಾಗಿದ್ದಾಗಲೇ ಆ ವಿಭಾಗಕ್ಕೆ ಸೇರಿದವಳು. ತಂಗಿ ಓದಿದ್ದು ಅದೇ ಸಂಬಳದಲ್ಲಿ. ಇದನ್ನು ಅಕ್ಕ ಯಾವತ್ತೂ ಆಡಿ ತೋರಿಸಿಲ್ಲ. ಆಡಿ ತೋರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ತಂಗಿಗೆ ಅನ್ನಿಸುತ್ತಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಕ್ಕ ಚಹಾ ಮಾಡಿದಳು. ಸೋಸಿದಳು, ಸಕ್ಕರೆ ಹಾಕಿ ಕಲಕಿದಳು. ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಅದೇನು ಕಂಡಿತೋ, ಇನ್ನೊಮ್ಮೆ ಸೋಸಿ, ಇನ್ನೊಮ್ಮೆ ಕಲಕಿ, ಅಂಚನ್ನು ಬಟ್ಟೆಯಿಂದ ಒರೆಸಿ ತಂಗಿಯ ಕೈಗಿಟ್ಟಳು.

"ಎಷ್ಟು ಸಲ ಸೋಸ್ತೀಯೇ ಅಕ್ಕ?"

"ನಿನಗೆ ಕೊಡೋದು ಅಂದ್ರೆ ಸುಮ್ನೆನಾ? ಒಂದು ಚರಟ ಬಾಯಿಗೆ ಸಿಕ್ಕಿದ್ರೂ ಮುಖ ಕಿವುಚ್ತೀಯ."

ಲೋಟವನ್ನು ತುಟಿಯವರೆಗೆ ತಂದ ತಂಗಿ ಅಲ್ಲೇ ನಿಂತಳು. ಎರಡು ತಿಂಗಳ ಹಿಂದೆ ಬಸ್ ನಿಲ್ದಾಣದಲ್ಲಿ ಅಕ್ಕ ಅವಳ ಕೈಗಿಟ್ಟ ಬಾಟಲಿ ಕಣ್ಣ ಮುಂದೆ ಬಂತು. ಒಳಗೆ ಸ್ಲಿಪ್ಪಿನ ಮಾದರಿ. ಹೊರಗೆ ಒಂದು ಕಲೆಯಿಲ್ಲ, ಮುಚ್ಚಳದ ಸುತ್ತ ಒಂದು ಹನಿಯಿಲ್ಲ, ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ. ಮಣ್ಣಿನ ವಿಭಾಗದಿಂದ ಬಂದ ಬಾಟಲಿ ಅಷ್ಟು ಚೊಕ್ಕಟವಾಗಿರುವುದುಂಟೇ?

"ಅಕ್ಕ, ನನಗೆ ಕೊಟ್ಟೆಯಲ್ಲ ಬಾಟ್ಲಿ, ಅದನ್ನ ತೊಟ್ಟಿಯಿಂದ ಸೀದಾ ತುಂಬಿಸಿದ್ದಾ?"

"ಸೀದಾ ತುಂಬಿಸೋಕೆ ನನಗೇನು ಬುದ್ಧಿ ಇಲ್ವಾ?" ಅಕ್ಕನ ಮುಖದಲ್ಲಿ ಹೆಮ್ಮೆ ಹೊಳೆಯಿತು. "ತೆಳು ಬಟ್ಟೆಯಲ್ಲಿ ಸೋಸಿದೆ. ಗಡ್ಡೆ ಎಲ್ಲ ತೆಗೆದೆ. ಒಂದು ಗುಟುಕು ನೀರು ಹಾಕಿ ಚೆನ್ನಾಗಿ ಕಲಕಿ ಆಮೇಲೆ ತುಂಬಿಸಿದ್ದು. ನಿಮ್ಮ ಆಫೀಸಿನಲ್ಲಿ ನಾಲ್ಕು ಜನ ನೋಡ್ತಾರೆ. ಇವಳ ಅಕ್ಕನ ಕೆಲಸ ಇಷ್ಟು ಗಲೀಜಾ ಅಂತ ಯಾರೂ ಅನ್ಬಾರ್ದಲ್ಲ."

ತಂಗಿ ಲೋಟವನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಾಗಲಿಲ್ಲ.

ಪಂಪು ಆರಿಸುವವರಿಗೆ ಒಂದು ನೇಮವಿದೆ. ದ್ರವವನ್ನು ಅದಿರುವ ಜಾಗದಲ್ಲೇ ನೋಡಬೇಕು, ಬೆರಳಿಗೆ ಹಚ್ಚಿ ತಿಕ್ಕಬೇಕು, ಅಲುಗಾಡಿಸದೆ ಬಿಟ್ಟು ಮತ್ತೆ ನೋಡಬೇಕು. ತೆಳ್ಳಗಿದ್ದು ನಯವಾಗಿದ್ದರೆ ಚಕ್ರ ಗಿರ್ರನೆ ತಿರುಗಿ ಎರಚುವ ಪಂಪು ಸಾಕು. ದಪ್ಪಗಿದ್ದು ಒಳಗೆ ಹರಳಿದ್ದರೆ ಆ ಪಂಪು ಹತ್ತಿರವೂ ಬರಕೂಡದು. ವೇಗ ಹೆಚ್ಚಿದಷ್ಟೂ ಹರಳು ಕಬ್ಬಿಣವನ್ನು ತಿನ್ನುತ್ತದೆ, ದಪ್ಪ ದ್ರವದಲ್ಲಿ ಚಕ್ರ ಇದ್ದಲ್ಲೇ ತಿರುಗಿ ಬಿಸಿಯಾಗುತ್ತದೆ. ಅದಕ್ಕೆ ಬೇಕಾದದ್ದು ನಿಧಾನದ ಪಂಪು. ಬೇರೆ ಎಲ್ಲ ಕಾರ್ಖಾನೆಗಳಲ್ಲೂ ತಂಗಿ ಈ ನೇಮ ತಪ್ಪಿದವಳಲ್ಲ. ಆದರೆ ಇದು ಅಕ್ಕನ ಕಾರ್ಖಾನೆ. ಅಕ್ಕ ಕೊಟ್ಟ ಮೇಲೆ ನೋಡುವುದೇನಿದೆ ಎಂದುಕೊಂಡು ಬಾಟಲಿ ಇಸಿದುಕೊಂಡವಳೇ ಹೊರಟ ಬಸ್ಸಿಗೆ ಹಾರಿ ಹತ್ತಿದ್ದಳು. ಬಾಟಲಿಯೊಳಗಿದ್ದದ್ದು ಹಾಲಿನ ಕೆನೆಯಂಥ ಸ್ಲಿಪ್ಪು. ಅದಕ್ಕೆ ತಕ್ಕಂತೆ ಗಟ್ಟಿ ಲೋಹದ, ವೇಗದ ಚಕ್ರದ ಪಂಪು ಆರಿಸಿದಳು. ಮೊದಲಿನ ಪಂಪಿನ ಚಕ್ರ ಹುಳು ತಿಂದಂತಾಗಿತ್ತಲ್ಲ, ಅದನ್ನಾದರೂ ನೋಡಿ ಅನುಮಾನ ಬರಬೇಡವೇ? ಕಳಪೆ ಲೋಹ ಎಂದು ತಳ್ಳಿಹಾಕಿದ್ದಳು. ಅವಸರದವಳಿಗೆ ಸಿಕ್ಕ ಮೊದಲ ಕಾರಣವೇ ಸರಿಯಾದ ಕಾರಣ.

"ಚಪ್ಪಲಿ ಹಾಕ್ಕೋ. ಕಾರ್ಖಾನೆಗೆ ಹೋಗೋಣ," ಎಂದಳು ತಂಗಿ.

"ಈಗಲಾ? ರಜೆ ಕಣೇ ಇವತ್ತು."

"ಅದಕ್ಕೇ."

ಅಕ್ಕ ಭಾವನ ಮುಖ ನೋಡಿದಳು. ಭಾವ ಛತ್ರಿ ಬದಿಗಿಟ್ಟು, "ಹೋಗಿ ಬಾ. ಇವಳ ಮುಖ ನೋಡಿದ್ರೆ ತಮಾಷೆ ಅಲ್ಲ," ಎಂದರು.

ಕಾವಲಿನವನು ಗೇಟು ತೆಗೆದ, ವಿಭಾಗದ ಬೀಗದ ಕೈ ಅಕ್ಕನ ಬಳಿಯೇ ಇತ್ತು. ರಜೆಯ ದಿನ ಕರೆಂಟು ಉಳಿಸಲೆಂದು ಮೇನ್ ಸ್ವಿಚ್ಚೇ ಆರಿಸಿರುತ್ತಿದ್ದರು. ಹಾಗಾಗಿ ತೊಟ್ಟಿಯಲ್ಲಿ ಕಲಕುವ ಯಂತ್ರವೂ ನಿಂತಿತ್ತು. ಗವ್ವೆನ್ನುವ ಕೋಣೆ, ಒದ್ದೆ ಮಣ್ಣಿನ ವಾಸನೆ. ಮೂಲೆಯಲ್ಲಿ ಹೊಸ ಪಂಪು ನೀಲಿ ಬಣ್ಣ ಬಳಿದುಕೊಂಡು, ಕೊಳವೆಗೆ ಜೋಡಣೆಯಾಗಿ, ಮದುಮಗನ ಹಾಗೆ ಕೂತಿತ್ತು. ಅದರ ಬಾಯಿಯ ಹತ್ತಿರದ ವಾಲ್ವು ಇನ್ನೂ ಮುಚ್ಚಿತ್ತು. ಒಳಗೆ ಒಂದು ಹನಿ ಸ್ಲಿಪ್ಪೂ ಹೋಗಿರಲಿಲ್ಲ.

ತಂಗಿ ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿ ತೋಳು ಮಡಚಿಕೊಂಡು ಕೈ ಇಳಿಸಿದಳು. ಮೇಲಿನ ಪದರ ದಾಟಿದ ಮೇಲೆ ಕೈ ಮುಂದಕ್ಕೆ ಹೋಗಲು ಬಲ ಹಾಕಬೇಕಾಯಿತು. ತೆಗೆದಾಗ ಅಂಗೈಯ ಮೇಲೆ ಗಟ್ಟಿ ಮೊಸರಿನಂತೆ ನಿಂತಿತು. ಹೆಬ್ಬೆರಳಿನಿಂದ ತಿಕ್ಕಿದರೆ ಚರಚರ ಹರಳು, ಉಗುರಿನಷ್ಟಗಲದ ಪ್ಲಾಸ್ಟರಿನ ಚಕ್ಕೆ. ತಿಕ್ಕಿ ತಿಕ್ಕಿ ಅಲುಗಾಡಿಸಿದ ಮೇಲೆ ಅದೇ ಮಣ್ಣು ತೆಳ್ಳಗಾಗಿ ಬೆರಳ ಸಂದಿಯಿಂದ ಸೋರಿಹೋಯಿತು. ಕಲಕಿದರೆ ನೀರಾಗುವುದು, ಬಿಟ್ಟರೆ ಗಟ್ಟಿಯಾಗುವುದು, ಇದು ಈ ಜಾತಿಯ ಮಣ್ಣಿನ ಗುಣ. ಕಲಕಿ ತುಂಬಿಸಿದ ಬಾಟಲಿಯನ್ನು ಆಫೀಸಿನಲ್ಲಿ ಪರೀಕ್ಷೆಗೆ ಮೊದಲು ಮತ್ತೊಮ್ಮೆ ಅಲ್ಲಾಡಿಸಿದ್ದಳು ತಂಗಿ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಏನಾಯ್ತೇ?" ಎಂದಳು ಅಕ್ಕ.

"ಈ ಪಂಪು ಆಗಲ್ಲ ಅಕ್ಕ. ನಾಳೆ ಶುರು ಮಾಡಿದ್ರೆ ಮೊದಲು ಸುಮ್ನೆ ಕೂಗತ್ತೆ. ಆಮೇಲೆ ಹೇಗೋ ಎಳೆದ್ರೂ ಸ್ವಲ್ಪ ದಿನಕ್ಕೇ ಇದರ ಹೊಟ್ಟೆ ತೂತು."

ಅಕ್ಕನ ಮುಖ ಕಪ್ಪಿಟ್ಟಿತು. ತೊಟ್ಟಿಯ ಪಕ್ಕ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದಳು. ತಂಗಿಯೋ, ಕೂರಲಾರದೆ ತೊಟ್ಟಿಯನ್ನು ಸುತ್ತತೊಡಗಿದಳು.

"ನಾನೇ ದಿನಾ ಸೋಸ್ತೀನಿ," ಎಂದಳು ಅಕ್ಕ ಕೊನೆಗೆ. "ಎಲ್ಲರೂ ಸೇರಿ ಬೇಗ ಬರ್ತೀವಿ. ನೀರು ಸ್ವಲ್ಪ ಜಾಸ್ತಿ ಹಾಕ್ತೀವಿ."

"ತೊಟ್ಟಿಗಟ್ಟಲೆ ಸೋಸ್ತೀಯಾ ಬಟ್ಟೇಲಿ? ನೀರು ಜಾಸ್ತಿ ಆದ್ರೆ ಬೇಸಿನ್ನು ಒಣಗೋವಾಗಲೇ ಬಿರುಕು ಬಿಡತ್ತೆ ಅಂತ ನನಗೆ ಹೇಳ್ಕೊಟ್ಟೋಳು ನೀನೇ."

ಅಕ್ಕ ತಲೆ ತಗ್ಗಿಸಿದಳು. ಅವಳಿಗೆ ಗೊತ್ತಿಲ್ಲದ ಮಾತೇನಲ್ಲ ಅದು.

ತಂಗಿ ಸುತ್ತುವುದನ್ನು ನಿಲ್ಲಿಸಿ ಪಂಪಿನ ಬಳಿ ಬಂದಳು. "ಇನ್ನೂ ಒಂದು ದಾರಿ ಇದೆ. ಇದರೊಳಗೆ ಮಣ್ಣು ಹೋಗಿಲ್ಲ. ಹೋಗದೆ ಇದ್ರೆ ನಮ್ಮ ಆಫೀಸಿನವರು ವಾಪಸು ತಗೊಂಡು ಬೇರೆ ಕೊಡ್ತಾರೆ. ಒಂದು ಸಲ ಹೋಯ್ತೋ, ಮುಗೀತು. ನಾಳೆ ಸ್ವಿಚ್ಚು ಒತ್ತೋಕೆ ಮುಂಚೆ ಯಜಮಾನ್ರಿಗೆ ಹೇಳ್ಬೇಕು."

"ಏನಂತ ಹೇಳ್ತೀಯ?"

ಅಲ್ಲೇ ಸಿಕ್ಕಿಕೊಂಡಿತು ಮಾತು. ಇದ್ದದ್ದು ಇದ್ದಂತೆ ಹೇಳಿದರೆ, ಒಂದು ಬಾಟಲಿ ಮಾದರಿಯನ್ನೂ ನೆಟ್ಟಗೆ ಕೊಡಲು ಬಾರದ ವಿಭಾಗ ನನಗೇಕೆ ಎಂದು ಯಜಮಾನರು ಕೇಳಬಹುದು. ಹೇಳದಿದ್ದರೆ ಪಂಪು ಕೆಟ್ಟು ವಿಭಾಗ ಮುಚ್ಚುವುದು ಖಂಡಿತ. ಅಕ್ಕ ತಂಗಿಯ ಮಣ್ಣಾದ ಕೈ ಹಿಡಿದುಕೊಂಡಳು.

"ಸೋಸಿದ್ದು ಮಾತ್ರ ಹೇಳ್ಬೇಡ ಕಣೇ. ಇಷ್ಟು ವರ್ಷ ಆ ಮನುಷ್ಯನ ಎದುರು ನನ್ನ ಕೆಲಸಕ್ಕೆ ಒಂದು ಮಾತು ಬಂದಿಲ್ಲ."

"ಹೇಳಲ್ಲ. ತಪ್ಪು ನಂದೇ ಅಂತೀನಿ. ಬಂದು ನೋಡ್ದೆ ಆರಿಸಿದೆ ಅಂತೀನಿ. ಅದು ಸುಳ್ಳೂ ಅಲ್ಲ."

"ಆಮೇಲೆ ನಿನ್ನ ಮಾತು ಯಾರು ನಂಬ್ತಾರೆ? ನಿನ್ನ ಹೊಟ್ಟೆಪಾಡೇ ಅದು."

ತಂಗಿ ಕೈ ತೊಳೆಯಲು ನಲ್ಲಿಯ ಕಡೆ ಹೋದಳು. ತೊಳೆದಷ್ಟೂ ಉಗುರಿನ ಸಂದಿಯಲ್ಲಿ ಮಣ್ಣು ಉಳಿಯುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ವಿಭಾಗದವರೆಲ್ಲ ಗೋಡೆಗೆ ಒತ್ತಿ ಸಾಲಾಗಿ ನಿಂತಿದ್ದರು. ನೆಲ ತೊಳೆದು ಕನ್ನಡಿಯಂತೆ ಮಾಡಿದ್ದರು. ಕಲಕುವ ಯಂತ್ರ ಇನ್ನೂ ಶುರುವಾಗಿರಲಿಲ್ಲ. ಯಜಮಾನರು ಬಂದರು. ತೆಳ್ಳಗಿನ ಮನುಷ್ಯ, ಮಾತು ಇನ್ನೂ ತೆಳ್ಳಗೆ. ನಗುತ್ತಿದ್ದಾರೋ ಗದರುತ್ತಿದ್ದಾರೋ ಗೊತ್ತಾಗದಂಥ ಮುಖ.

"ನೀವೇ ಒತ್ತಿ," ಎಂದರು ಅಕ್ಕನಿಗೆ, ಸ್ವಿಚ್ಚಿನ ಕಡೆ ಕೈ ತೋರಿಸಿ.

ಅಕ್ಕ ಕೈ ಎತ್ತಲಿಲ್ಲ. ತಂಗಿ ಮುಂದೆ ಬಂದಳು. "ಸಾರ್, ಒತ್ತಬೇಡಿ. ಈ ಪಂಪು ಸರಿಯಿಲ್ಲ. ಆರಿಸಿದ್ದು ನಾನು, ತಪ್ಪಾಗಿ ಆರಿಸಿದ್ದೀನಿ."

ಗೋಡೆಯ ಬಳಿ ಯಾರೋ ನಿಟ್ಟುಸಿರು ಬಿಟ್ಟರು. ಯಜಮಾನರು ಪಂಪನ್ನು ನೋಡಿದರು, ಆಮೇಲೆ ತಂಗಿಯನ್ನು.

"ಇವತ್ತು ಗೊತ್ತಾಯ್ತಾ ಇದು?"

"ನಿನ್ನೆ. ಮೊದಲೇ ಬಂದು ತೊಟ್ಟಿ ನೋಡ್ಬೇಕಿತ್ತು. ನೋಡ್ಲಿಲ್ಲ. ಅವಸರ ಮಾಡಿದೆ."

"ನೋಡದೇ ಹೇಗೆ ಆರಿಸಿದ್ರಿ?"

"ಬಾಟ್ಲಿಯಲ್ಲಿ ಮಾದರಿ ತಗೊಂಡಿದ್ದೆ."

"ಬಾಟ್ಲಿಯಲ್ಲಿದ್ದದ್ದು ಇದೇ ಮಣ್ಣಲ್ವಾ? ಮತ್ತೆ ಹೇಗೆ ತಪ್ಪಾಯ್ತು?"

ಯಜಮಾನರು ದಡ್ಡರಲ್ಲ. ತಂಗಿಗೆ ಓಡಿಹೋಗಬೇಕೆಂದು ಕಾಲು ತುರಿಸುತ್ತಿತ್ತು. ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಬಾಟಲಿ ಆಫೀಸಿನಲ್ಲಿ ಅದಲುಬದಲಾಯಿತು ಅಂದರೂ ಸಾಕಿತ್ತು. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಬಂತು.

"ಸೋಸಿದ್ದು ನಾನು ಸಾರ್."

ತಂಗಿ ತಿರುಗಿ ನೋಡಿದಳು. ಅಕ್ಕ ನೆಲ ನೋಡುತ್ತಿರಲಿಲ್ಲ, ಯಜಮಾನರನ್ನೇ ನೋಡುತ್ತಿದ್ದಳು.

"ಬಟ್ಟೇಲಿ ಸೋಸಿ, ನೀರು ಹಾಕಿ, ಕಲಕಿ ಕೊಟ್ಟೆ. ಅವಳ ಆಫೀಸಿನವರು ನೋಡ್ತಾರಲ್ಲ, ನಮ್ಮ ಮಣ್ಣು ಚೆನ್ನಾಗಿ ಕಾಣ್ಲಿ ಅಂತ. ಅವಳು ಹೇಳ್ಬಾರ್ದು ಅಂತ ನಾನೇ ಬೇಡ್ಕೊಂಡಿದ್ದೆ. ತಪ್ಪು ನಂದು."

ಯಜಮಾನರು ಅಂಗಿಯ ತೋಳನ್ನು ನಿಧಾನವಾಗಿ ಮಡಚಿದರು. ತೊಟ್ಟಿಯ ಬಳಿ ಕುಕ್ಕರಗಾಲಲ್ಲಿ ಕೂತು ಕೈ ಅದ್ದಿ ಮೇಲೆತ್ತಿ, ಬೆರಳಲ್ಲಿ ನಿಂತ ಮಣ್ಣನ್ನೂ ಅದರೊಳಗಿನ ಚಕ್ಕೆಯನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟು ಹೊತ್ತು ತಂಗಿ ಮುಳ್ಳಿನ ಮೇಲೆ ನಿಂತಿದ್ದಳು.

"ನನ್ನ ಕಾರ್ಖಾನೆ ಇದು," ಎಂದರು ಅವರು ಕೊನೆಗೆ. "ಈ ಮಣ್ಣು ಹೀಗಿರತ್ತೆ ಅಂತ ಇವತ್ತೇ ನೋಡಿದ್ದು. ನಾನು ಬರೋ ದಿನವೆಲ್ಲ ಇಲ್ಲಿ ತೊಳೆದು ಬಳಿದು ಇಟ್ಟಿರ್ತೀರಿ. ಮೇಲೆ ಜರಡಿ ದಾಟಿ ಬಂದ ಮಣ್ಣನ್ನ ತಟ್ಟೆಯಲ್ಲಿ ಹಾಕಿ ತೋರಿಸ್ತೀರಿ. ಎರಡು ಪಂಪು ಆರಿಸಿದಾಗಲೂ ನಾನು ಅಂಗಡಿಯವರಿಗೆ ಕೊಟ್ಟಿದ್ದು ಅದನ್ನೇ."

ಅವರು ಎದ್ದು ನಲ್ಲಿಗೆ ಹೋಗದೆ ಮಣ್ಣಿನ ಕೈಯಲ್ಲೇ ನಿಂತರು.

"ಇದಕ್ಕೆ ಯಾವುದು ಸರಿ?" ಎಂದು ತಂಗಿಯನ್ನು ಕೇಳಿದರು.

"ಹೋಸ್ ಪಂಪು ಸಾರ್. ದಪ್ಪ ರಬ್ಬರಿನ ಕೊಳವೆ, ಅದನ್ನ ಒಂದು ಉರುಳೆ ಒತ್ತಿ ಒತ್ತಿ ಹಿಂಡ್ತಾ ಹೋಗತ್ತೆ. ಮಣ್ಣಿಗೆ ರಬ್ಬರು ಮಾತ್ರ ತಾಗತ್ತೆ, ಕಬ್ಬಿಣ ತಾಗೋದೇ ಇಲ್ಲ. ರಬ್ಬರು ಸವೆದ್ರೆ ಕೊಳವೆ ಬದಲಾಯಿಸಿದ್ರಾಯ್ತು. ಆದ್ರೆ ತುಂಬಾ ನಿಧಾನ."

"ಎಷ್ಟು ನಿಧಾನ?"

"ನನಗೆ ನೋಡೋಕಾಗಲ್ಲ, ಅಷ್ಟು."

ಯಜಮಾನರ ತುಟಿಯಂಚು ಅಲುಗಿತು. "ಹಾಗಾದ್ರೆ ಕೊನೇ ಸಲ. ವಾರದ ರಜೆ ಮುಗಿದ ಬೆಳಿಗ್ಗೆಯೇ ಶುರು ಮಾಡ್ಬೇಕು, ಮಣ್ಣು ಹೀಗೇ, ಕಲಕದೆ ಗಟ್ಟಿಯಾಗಿ ಇರ್ಬೇಕು. ಮೇಲೆ ಜರಡಿಗೆ ಬಂದು ಬೀಳೋವರೆಗೂ ಆರಿಸಿದವರು ಪಕ್ಕದಲ್ಲಿ ಕೂತಿರ್ಬೇಕು. ಎದ್ದು ಓಡಾಡೋ ಹಾಗಿಲ್ಲ. ಮಣ್ಣು ಮೇಲೆ ಬರ್ಲಿಲ್ಲ ಅಂದ್ರೆ ಟ್ಯಾಂಕರ್‌ನವರಿಗೆ ಫೋನು ಮಾಡ್ತೀನಿ."

ಹೀಗೆ ನೀಲಿ ಪಂಪು ಒಂದು ದಿನವೂ ತಿರುಗದೆ ಬಂದ ದಾರಿಯಲ್ಲೇ ಹೋಯಿತು. ತಂಗಿ ತನ್ನ ಆಫೀಸಿನಲ್ಲಿ ಬೈಸಿಕೊಂಡಳು. ಎಷ್ಟು ಬೈಸಿಕೊಂಡಳು ಎಂದು ಅಕ್ಕನಿಗೆ ಹೇಳಲಿಲ್ಲ, ಅಕ್ಕ ಕೇಳಲೂ ಇಲ್ಲ. ಹೋಸ್ ಪಂಪು ಬಂತು. ಕುಳ್ಳಗೆ, ದುಂಡಗೆ, ನೋಡಲು ಏನೇನೂ ಚೆಂದವಿರಲಿಲ್ಲ. ಅದನ್ನು ಜೋಡಿಸಿ, ವಾರದ ರಜೆ ಕಳೆದ ಬೆಳಿಗ್ಗೆ ಎಲ್ಲರೂ ಮತ್ತೆ ಸೇರಿದರು. ಈ ಸಲ ಯಾರೂ ನೆಲ ತೊಳೆದಿರಲಿಲ್ಲ.

ತಂಗಿ ಬೋರಲು ಬಕೆಟ್ಟಿನ ಮೇಲೆ ಕೂತಳು. ಅಕ್ಕ ಸ್ವಿಚ್ಚು ಒತ್ತಿದಳು. ಒಳಗಿನ ಉರುಳೆ ಮೈ ಮುರಿದುಕೊಂಡು ಎದ್ದವರಂತೆ ತಿರುಗಿತು. ಕೊಳವೆ ಒಮ್ಮೆ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ಅಷ್ಟೇ. ಅಟ್ಟದ ಮೇಲೆ ಜರಡಿಯ ಪಕ್ಕ ನಿಂತಿದ್ದ ಯಜಮಾನರು ಏನೂ ಇಲ್ಲವೆಂದು ಕೈ ಆಡಿಸಿದರು.

ತಂಗಿಯ ಮೊಣಕಾಲು ತನ್ನಷ್ಟಕ್ಕೆ ಕುಣಿಯಲು ಶುರುವಾಯಿತು. ಎದ್ದು ಜೋಡಣೆ ನೋಡಲೇ? ವಾಲ್ವು ಪೂರ್ತಿ ತೆರೆದಿದೆಯೇ? ಮಣ್ಣು ಇನ್ನೂ ಗಟ್ಟಿಯಾಗಿಬಿಟ್ಟಿತೇ? ಗೋಡೆಯ ಬಳಿ ನಿಂತವರ ಮುಖಗಳನ್ನು ನೋಡಲಾರದೆ ಅವಳು ಕೊಳವೆಯನ್ನೇ ನೋಡಿದಳು. ಉಬ್ಬು, ಇಳಿತ. ಉಬ್ಬು, ಇಳಿತ. ಇದಕ್ಕಿಂತ ಕೊಡದಲ್ಲಿ ಹೊತ್ತು ಹಾಕಿದ್ದರೂ ಬೇಗ ಆಗುತ್ತಿತ್ತು ಎನ್ನಿಸಿತು. ಅರ್ಧ ಎದ್ದೇಬಿಟ್ಟಳು. ಅಕ್ಕ ಪಕ್ಕಕ್ಕೆ ಬಂದು ಅವಳ ಭುಜ ಒತ್ತಿ ಕೂರಿಸಿದಳು. ಕೂರಿಸಿದ ಕೈಯನ್ನು ತೆಗೆಯಲಿಲ್ಲ.

"ಬರತ್ತೆ," ಎಂದಳು ಅಕ್ಕ.

"ಬರದಿದ್ರೆ?"

"ಬರದಿದ್ರೆ ಇಬ್ಬರೂ ಮನೆಗೆ ಹೋಗೋಣ. ಈಗ ಕೂತ್ಕೋ."

ಅದೆಷ್ಟು ಹೊತ್ತೋ. ಮೇಲೆ ಜರಡಿಯ ತಗಡಿನ ಮೇಲೆ ಥಪ್ಪೆಂದು ಏನೋ ಬಿತ್ತು. ಸ್ವಲ್ಪ ಬಿಟ್ಟು ಇನ್ನೊಂದು ಥಪ್. ಆಮೇಲೆ ಒಂದರ ಹಿಂದೆ ಒಂದು ಬೀಳುತ್ತಲೇ ಹೋಯಿತು. ಯಜಮಾನರು ಬಹಳ ಹೊತ್ತು ಜರಡಿಯನ್ನು ನೋಡುತ್ತ ನಿಂತಿದ್ದರು. ಮೆಟ್ಟಿಲಿಳಿದು ಬಂದಾಗ ಅವರ ಅಂಗಿಯ ಮೇಲೆ ಮಣ್ಣಿನ ಹನಿಗಳಿದ್ದವು.

"ಟ್ಯಾಂಕರ್ ಬೇಡ ಅಂತ ಹೇಳ್ಬಿಡ್ತೀನಿ," ಎಂದರು ಅಕ್ಕನಿಗೆ. "ಇನ್ನು ಮೇಲೆ ನಾನು ಬರೋ ದಿನ ಏನನ್ನೂ ತೊಳೀಬೇಡಿ."

ಅವರು ಹೋದ ಮೇಲೆ ವಿಭಾಗದವರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಯಾರೋ ನಗುತ್ತಿದ್ದರು, ಯಾರೋ ಮೂಗು ಒರೆಸಿಕೊಳ್ಳುತ್ತಿದ್ದರು. ತಂಗಿ ಬಕೆಟ್ಟಿನ ಮೇಲೆ ಕೂತೇ ಇದ್ದಳು. ಏಳಬಹುದು ಎಂದು ಯಾರೂ ಹೇಳಲಿಲ್ಲ, ಅವಳಿಗೆ ಏಳಬೇಕೆಂದೂ ಅನ್ನಿಸಲಿಲ್ಲ. ಅಕ್ಕ ಮೂಲೆಯ ಸ್ಟೋವಿನಲ್ಲಿ ಚಹಾ ಕುದಿಸಿ ಗಾಜಿನ ಲೋಟದಲ್ಲಿ ತಂದು ಅವಳ ಕೈಗಿಟ್ಟಳು. ಅಂಚಿನ ಮೇಲೆ ಅಕ್ಕನ ಹೆಬ್ಬೆರಳಿನ ಮಣ್ಣಿನ ಗುರುತು, ಮೇಲೆ ತೇಲುವ ಚರಟ, ತಳದಲ್ಲಿ ಕರಗದೆ ಕೂತ ಸಕ್ಕರೆ.

"ಸೋಸಿಲ್ಲ," ಎಂದಳು ಅಕ್ಕ. "ಕಲಕಿಯೂ ಇಲ್ಲ."

ತಂಗಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ನಗಲು ಹೋದವಳಿಗೆ ಅಳು ಬಂತು. ಅಳುತ್ತಲೇ, ಚರಟವನ್ನು ನಾಲಿಗೆಯಿಂದ ಬದಿಗೆ ತಳ್ಳುತ್ತ, ಗುಟುಕು ಗುಟುಕಾಗಿ ತಳದ ಸಕ್ಕರೆಯವರೆಗೂ ಪೂರ್ತಿ ಕುಡಿದಳು.